ರಷ್ಯನ್ನೇ ಹಳೆಯದು ಎನ್ನುವ ಹಾಗಿಲ್ಲ

ರಷ್ಯನ್, ಬಲ್ಗೇರಿಯನ್, ಪೋಲಿಷ್ ಮುಂತಾದವು ಸೇರಿದ ಸ್ಲಾವಿಕ್ ಭಾಷಾಕುಟುಂಬದಲ್ಲಿ ಹಳೆಯ ರೂಪ ಉಳಿಸಿಕೊಂಡದ್ದು ರಷ್ಯನ್ನೇ, ಬಲ್ಗೇರಿಯನ್ ಪೂರ್ತಿ ಹೊಸದು ಅಲ್ಲವೇ ಎಂದು ಕೇಳಿದ್ದೀರಿ. ಇಡೀ ಭಾಷೆಗೆ ಒಂದೇ ಅಂಕ ಕೊಟ್ಟರೆ ಲೆಕ್ಕ ತಪ್ಪುತ್ತದೆ. ನಾಮಪದ, ಕ್ರಿಯಾಪದ, ಧ್ವನಿ ಬೇರೆಬೇರೆ ನೋಡಬೇಕು.

ನಾಮಪದದಲ್ಲಿ ನಿಮ್ಮ ಮಾತು ಸರಿ. ರಷ್ಯನ್‌ನಲ್ಲಿ ಆರು ವಿಭಕ್ತಿಗಳಿವೆ, ಬಲ್ಗೇರಿಯನ್ ಅವನ್ನು ಬಹುತೇಕ ಕಳೆದುಕೊಂಡಿದೆ. ‘ಕ್ನಿಗಾ’ (ಪುಸ್ತಕ) ಎಂಬುದಕ್ಕೆ ಬಾಲದಂತೆ ‘ತಾ’ ಅಂಟಿಸಿ ‘ಕ್ನಿಗಾತಾ’ (ಆ ಪುಸ್ತಕ) ಎನ್ನುವುದೂ ನಂತರದ ಬೆಳವಣಿಗೆಯೇ.

ಕ್ರಿಯಾಪದಕ್ಕೆ ಬಂದರೆ ಎಲ್ಲ ತಿರುಗುಮುರುಗು. ಬಲ್ಗೇರಿಯನ್‌ನಲ್ಲಿ ‘ಚೆತೊಖ್’ (ಓದಿದೆ), ‘ಚೆತ್ಯಾಖ್’ (ಓದುತ್ತಿದ್ದೆ) ಎಂಬ ಎರಡು ಹಳೆಯ ಭೂತಕಾಲಗಳು ಇಂದಿಗೂ ದಿನಬಳಕೆಯಲ್ಲಿವೆ. ರಷ್ಯನ್ ಎರಡನ್ನೂ ಬಿಟ್ಟಿತು. ಅದರ ‘ಚಿತಾಲ್’ (ಓದಿದೆ, ಓದಿದನು) ಮೂಲತಃ ಕೃದಂತ, ಅಂದರೆ ಕ್ರಿಯಾಪದದಿಂದ ಹುಟ್ಟಿ ವಿಶೇಷಣದಂತೆ ನಡೆಯುವ ಪದ. ಹಾಗಾಗಿಯೇ ಅದು ಲಿಂಗ, ವಚನಕ್ಕೆ ಬದಲಾಗುತ್ತದೆ, ‘ನಾನು’, ‘ಅವನು’ ಎಂಬ ವ್ಯತ್ಯಾಸ ತೋರಿಸುವುದಿಲ್ಲ.

ನನಗೆ ಬಹಳ ಇಷ್ಟವಾದದ್ದು ಸ್ಲೊವೇನಿಯನ್‌ನ ದ್ವಿವಚನ. ‘ದೇಲಾವಾ’ ಎಂದರೆ ನಾವಿಬ್ಬರು ಕೆಲಸ ಮಾಡುತ್ತೇವೆ, ‘ದೇಲಾಮೊ’ ಎಂದರೆ ಇಬ್ಬರಿಗಿಂತ ಹೆಚ್ಚು ಜನ. ಸಂಸ್ಕೃತದ ‘ಪಠಾವಃ’, ‘ಪಠಾಮಃ’ ಪಕ್ಕದಲ್ಲಿಟ್ಟು ನೋಡಿ: ಅದೇ ‘ವ’, ಅದೇ ‘ಮ’! ಜರ್ಮನಿಯ ಸೋರ್ಬಿಯನ್ ಭಾಷೆಗಳಲ್ಲೂ ದ್ವಿವಚನ ಉಳಿದಿದೆ. ಧ್ವನಿಯಲ್ಲಿ ಪೋಲಿಷ್ ನೋಡಿ: ಹಳೆಯ ಅನುನಾಸಿಕ (ಮೂಗಿನಿಂದಲೂ ಹೊರಡುವ) ಸ್ವರದ ಗುರುತು ಅಲ್ಲಿನ ‘ಜೊಂಪ್’ (ಹಲ್ಲು) ಪದದಲ್ಲಿ ಉಳಿದಿದೆ, ರಷ್ಯನ್‌ನಲ್ಲಿ ಬರೀ ‘ಜೂಪ್’.