ಅಲೆಯ ಬಲದಿಂದ ಹಡಗಿನ ಇಂಧನ ಉಳಿಸುವ ರೆಕ್ಕೆ: ಯಾದಗಿರಿಯಲ್ಲಿ ಕೂತು ಈ ಪ್ರಾಜೆಕ್ಟ್ ಮಾಡಬಹುದೇ?

ಖಂಡಿತ ಮಾಡಬಹುದು. ನೀವು ಕೇಳಿದ್ದು ಎರಡು ಮಾತು. ಹಡಗಿನ ಮೂತಿಯ ಕೆಳಗೆ, ನೀರೊಳಗೆ ರೆಕ್ಕೆ ಕಟ್ಟಿದರೆ ಅಲೆಯೇ ಹಡಗನ್ನು ಮುಂದಕ್ಕೆ ತಳ್ಳುತ್ತದೆ ಅಂತಾರಲ್ಲ, ಅದು ನಿಜವೇ? ಸಮುದ್ರವನ್ನೇ ನೋಡದ ಯಾದಗಿರಿಯ ಮೆಕ್ಯಾನಿಕಲ್ ವಿದ್ಯಾರ್ಥಿ ಅದನ್ನು ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಹಿಡಿಯಬಹುದೇ? ನಾನು ಕಲಬುರಗಿಯಲ್ಲಿ ಮೆಕ್ಯಾನಿಕಲ್ ಪಾಠ ಹೇಳುತ್ತೇನೆ. ಎರಡು ವರ್ಷದ ಹಿಂದೆ ನನ್ನ ನಾಲ್ವರು ಹುಡುಗರು ಇದನ್ನೇ ಆಳಂದ ಕಡೆಯ ಒಂದು ಕೃಷಿ ಹೊಂಡದಲ್ಲಿ ಮಾಡಿ ನೋಡಿದರು.

ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ತುಂಬಿದ ನೀರಿನ ಟಾಂಕಿಯಲ್ಲಿ ಸ್ಟೀಲ್ ತಟ್ಟೆಯನ್ನು ಸ್ವಲ್ಪ ಓರೆ ಹಿಡಿದು ಬಿಡಿ. ಅದು ನೇರ ತಳಕ್ಕೆ ಇಳಿಯುವುದಿಲ್ಲ, ಪಕ್ಕಕ್ಕೆ ಜಾರಿ ಗೋಡೆಗೆ ಬಡಿಯುತ್ತದೆ. ಕೆಳಗೆ ಬೀಳುವ ಚಲನೆ ಓರೆಯಿಂದಾಗಿ ಮುಂದೆ ಹೋಗುವ ಚಲನೆ ಆಯಿತು. ಹಡಗಿನ ರೆಕ್ಕೆಯ ಗುಟ್ಟೂ ಇಷ್ಟೇ. ಅಲೆ ಬಂದಾಗ ಹಡಗಿನ ಮೂತಿ ಏಳುತ್ತದೆ, ಬೀಳುತ್ತದೆ. ರೆಕ್ಕೆಯ ಮುಂದಿನ ಅಂಚಿನ ಹತ್ತಿರ ಕೀಲು ಇಟ್ಟರೆ ಹಿಂದಿನ ಅಂಚು ತಡವಾಗಿ ಹಿಂಬಾಲಿಸುತ್ತದೆ: ಮೂತಿ ಏಳುವಾಗ ಅದು ಕೆಳಗೆ ಬಾಗುತ್ತದೆ, ಬೀಳುವಾಗ ಮೇಲೆ. ಎರಡು ಸಲವೂ ನೀರಿನ ಒತ್ತಡದ ಒಂದು ಪಾಲು ಮುಂದಕ್ಕೇ ಸಿಗುತ್ತದೆ. ಉಳಿದ ಪಾಲು ಏಳುಬೀಳನ್ನು ತಡೆಯುತ್ತದೆ, ಹಾಗಾಗಿ ಹಡಗಿನ ಕುಲುಕಾಟವೂ ಕಡಿಮೆ. ಹಡಗು ಆಗಲೇ ಒಳ್ಳೆ ವೇಗದಲ್ಲಿದ್ದರೆ ಕೀಲು ಇಲ್ಲದ ರೆಕ್ಕೆಯೂ ಸ್ವಲ್ಪ ಕೆಲಸ ಮಾಡುತ್ತದೆ. ನಿಮ್ಮ ಪುಟ್ಟ ಮಾದರಿಗೆ ಮಾತ್ರ ಕೀಲು ಬೇಕೇ ಬೇಕು.

ಇದು ಹೊಸ ಕನಸಲ್ಲ. ಹರ್ಮನ್ ಲಿಂಡೆನ್ ಎನ್ನುವವರು 1895ರಲ್ಲೇ ಇಂಥ ದೋಣಿಗೆ ಪೇಟೆಂಟ್ ಪಡೆದು ಇಟಲಿಯ ನೇಪಲ್ಸ್‌ನಲ್ಲಿ ಓಡಿಸಿದ್ದರು. 2008ರಲ್ಲಿ ಜಪಾನಿನ ಕೆನಿಚಿ ಹೋರಿಯೆ ಅಲೆಯ ಬಲವನ್ನೇ ನಂಬಿ ಹವಾಯಿಯಿಂದ ಜಪಾನಿಗೆ ಒಬ್ಬರೇ ಬಂದರು, ಸುಮಾರು 7,000 ಕಿಲೋಮೀಟರು, 110 ದಿನ. ಲೆಕ್ಕ ಹಾಕಿ: ಗಂಟೆಗೆ ಮೂರು ಕಿಲೋಮೀಟರೂ ಆಗಲಿಲ್ಲ, ನಾವು ನಡೆಯುವ ವೇಗಕ್ಕಿಂತ ಕಡಿಮೆ. ಅದಕ್ಕೇ ಹೇಳುವುದು, ಅಲೆಯೊಂದರಿಂದಲೇ ಸರಕು ಹಡಗು ಓಡಿಸುವ ಆಸೆ ಬೇಡ. ಎಂಜಿನ್ ಓಡುತ್ತಲೇ ಇರಲಿ, ರೆಕ್ಕೆ ಕೈಜೋಡಿಸಲಿ. ನಾರ್ವೆಯ ವೇವ್‌ಫಾಯಿಲ್ ಕಂಪನಿ ಹಿಡಿದ ದಾರಿ ಇದೇ. 2019ರಲ್ಲಿ ಫೆರೋ ದ್ವೀಪಗಳ ಟೈಸ್ಟಿನ್ ಎಂಬ ಫೆರಿಗೆ ಅವರು ಒಳಗೆ ಎಳೆದುಕೊಳ್ಳಬಹುದಾದ ರೆಕ್ಕೆ ಕೂರಿಸಿದರು. ಇಂಧನದಲ್ಲಿ ಶೇ. 5ರಿಂದ 15ರವರೆಗೆ ಉಳಿತಾಯ ಎನ್ನುವುದು ಕಂಪನಿಯ ಲೆಕ್ಕ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಹಸಿರುಮನೆ ಅನಿಲದಲ್ಲಿ ಶೇ. 3ರಷ್ಟು ಹಡಗುಗಳದ್ದೇ, ಹಾಗಾಗಿ ಶೇ. 5 ಉಳಿದರೂ ನನಗದು ದೊಡ್ಡ ಮಾತು.

ಒಳಗೆ ಎಳೆದುಕೊಳ್ಳುವುದು ಯಾಕೆ? ಸಮುದ್ರ ಶಾಂತವಾಗಿದ್ದರೆ ರೆಕ್ಕೆ ಬರೀ ಹೊರೆ, ನೀರಿನ ಎಳೆತ ಹೆಚ್ಚುತ್ತದೆ. ಬಿರುಗಾಳಿಯಲ್ಲಿ ಅದು ನೀರಿನಿಂದ ಹೊರಗೆ ಬಂದು ಮತ್ತೆ ಅಪ್ಪಳಿಸಿದರೆ ಬುಡಕ್ಕೆ ಬೀಳುವ ಪೆಟ್ಟು ಸಾಮಾನ್ಯದ್ದಲ್ಲ. ಇನ್ನು ಅಲೆಗಿಂತ ಬಹಳ ಉದ್ದದ ಹಡಗು ಹೆಚ್ಚು ಅಲುಗುವುದೇ ಇಲ್ಲ, ಆಗ ರೆಕ್ಕೆಗೆ ಕೆಲಸವೇ ಇರುವುದಿಲ್ಲ.

ಈಗ ಹೊಂಡದ ಕಥೆ. ನಾಲ್ಕು ಅಡಿ ಥರ್ಮಾಕೋಲ್ ದೋಣಿ, ಮೂತಿಯ ಕೆಳಗೆ ಒಂದು ಗೇಣು ಇಳಿಬಿಟ್ಟ ಅಲ್ಯೂಮಿನಿಯಂ ತಗಡಿನ ರೆಕ್ಕೆ. ದಂಡೆಯಲ್ಲಿ ಒಬ್ಬ ಪ್ಲೈವುಡ್ ಹಲಗೆಯನ್ನು ನೀರಿನಲ್ಲಿ ಹಿಂದೆ ಮುಂದೆ ಆಡಿಸಿ ಅಲೆ ಎಬ್ಬಿಸುತ್ತಿದ್ದ. ಹೊಲದ ಯಜಮಾನರು ಬದುವಿನ ಮೇಲೆ ಕೂತು, "ಏನ್ರಿ ಮಾಸ್ತರ್ರ, ಹೊಂಡದಾಗ ಹಡಗ ಬಿಡ್ಲಾಕ ಬಂದೀರೇನ್ರಿ?" ಎಂದರು. ಮೊದಲ ದಿನ ದೋಣಿ ಕೂತಲ್ಲೇ ಕುಣಿಯಿತು. ಕೀಲಿಗೆ ಹಾಕಿದ ಸ್ಪ್ರಿಂಗ್ ಬಲು ಬಿಗಿ, ರೆಕ್ಕೆ ಬಾಗಲೇ ಇಲ್ಲ. ಸ್ಪ್ರಿಂಗ್ ತೆಗೆದರೆ ನೀರು ಹೋದ ಕಡೆ ತಿರುಗಿ ಸುಮ್ಮನಾಯಿತು, ಬಲವೇ ಹುಟ್ಟಲಿಲ್ಲ. ಆಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಕಟ್ಟಿದೆವು. ಬೆರಳಗಲದ ಪಟ್ಟಿ ಬಿಗಿಯಾಯಿತು, ಅದರ ಅರ್ಧ ಅಗಲದ್ದು ಹೊಂದಿತು. ದೋಣಿ ಅಲೆ ಬರುತ್ತಿದ್ದ ಹಲಗೆಯ ಕಡೆಗೇ, ಅಲೆಗೆ ಎದುರಾಗಿ, ನಿಧಾನ ಬಂತು. ಅಷ್ಟು ಹೊತ್ತು ನಗುತ್ತಿದ್ದ ಯಜಮಾನರು ಎದ್ದು ನಿಂತರು.

ಈ "ಎದುರಾಗಿ" ಎನ್ನುವುದನ್ನು ಮರೆಯಬೇಡಿ. ಅಲೆಯ ಜೊತೆ ದೋಣಿ ತೇಲಿ ಹೋದರೆ ಏನೂ ಸಾಬೀತಾಗುವುದಿಲ್ಲ, ಒಣಗಿದ ಎಲೆಯೂ ತೇಲುತ್ತದೆ. ಒಂದು ದಿನ ಹುಡುಗನೊಬ್ಬ ರೆಕ್ಕೆಯನ್ನು ಹಿಂದುಮುಂದು ಮಾಡಿ ಜೋಡಿಸಿಬಿಟ್ಟ. "ಸರ್, ದೋಣಿ ಹಿಂದಕ್ಕ ಹೋಗ್ಲಾಕತ್ತದ್ರಿ!" ಎಂದು ಕೂಗಿದ. ಅದೇ ದೋಣಿ, ಅದೇ ಅಲೆ, ರೆಕ್ಕೆ ತಿರುಗಿಸಿದ್ದಕ್ಕೆ ದಿಕ್ಕು ಬದಲಾಯಿತು. ನಮ್ಮ ವರದಿಯಲ್ಲಿ ನನಗೆ ಹೆಚ್ಚು ಇಷ್ಟವಾದ ಪುಟ ಅದೇ.

ಹೊಂಡಕ್ಕೆ ಒಬ್ಬರೇ ಹೋಗಬೇಡಿ, ಕೈಮುಗಿದು ಹೇಳುತ್ತೇನೆ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ಒದ್ದೆಯಾದರೆ ಈಜು ಬಲ್ಲವನೂ ಮೇಲೆ ಹತ್ತಲಾರ. ದಂಡೆಯ ಗೂಟಕ್ಕೆ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟ ಮೇಲೆಯೇ ಕೆಲಸ ಶುರು ಮಾಡಿ.

ಅಲೆ ಎಬ್ಬಿಸುವ ಮುಂಚೆ ಒಂದು ಅಳತೆ ಮಾಡಿಟ್ಟುಕೊಳ್ಳಿ. ನಿಂತ ನೀರಿನಲ್ಲಿ ದೋಣಿಯನ್ನು ರಾಟೆ ಮತ್ತು ತೂಕದ ಬಟ್ಟಿನಿಂದ ಎಳೆಯಿರಿ, ಒಮ್ಮೆ ರೆಕ್ಕೆ ಇಲ್ಲದೆ, ಒಮ್ಮೆ ರೆಕ್ಕೆ ಕಟ್ಟಿ. ಅದೇ ವೇಗಕ್ಕೆ ಎಷ್ಟು ಗ್ರಾಂ ಹೆಚ್ಚು ಬೇಕಾಯಿತೋ ಅದು ನಿಮ್ಮ ರೆಕ್ಕೆಯ ಸಾಲ. ಅಲೆಯಲ್ಲಿ ಅದು ತೀರಿಸಬೇಕಾದ್ದು ಮೊದಲು ಆ ಸಾಲವನ್ನು.