ಮೊದಲ ಕ್ರಾಫ್ಟ್ ಬಿಯರ್ ಕಹಿಯೆನಿಸಿದ್ದರೆ

ಸಣ್ಣ ಪ್ರಮಾಣದಲ್ಲಿ ತಯಾರಿಸುವ ಕ್ರಾಫ್ಟ್ ಬಿಯರ್ ಮೊದಲ ಸಲವೇ ನಿಮಗೆ ಕಹಿಯೆನಿಸಿದ್ದರೆ, ಇಂಡಿಯಾ ಪೇಲ್ ಏಲ್ ಎಂಬ ಕಹಿ ಹೆಚ್ಚಿರುವ ಬಗೆಯಿಂದಲೇ ಆರಂಭಿಸಿದ್ದು ಇದಕ್ಕೆ ಕಾರಣವಿರಬೇಕು. ಬಿಯರನ್ನು ಅಲ್ಲೇ ತಯಾರಿಸಿ ಕೊಡುವ ಬೆಂಗಳೂರಿನ ಬ್ರೂಪಬ್‌ನಲ್ಲಿ ಮೊದಲ ಲೋಟವನ್ನೇ ಕಹಿಯೆಂದು ಅರ್ಧಕ್ಕೆ ಬಿಟ್ಟಿರೆಂಬ ಮಾತ್ರಕ್ಕೆ ಕ್ರಾಫ್ಟ್ ಬಿಯರ್ ನಿಮಗೆ ಒಗ್ಗದು ಎಂದಾಗುವುದಿಲ್ಲ. ಕಹಿಯ ಅಳತೆಯಾದ ಐಬಿಯು ಆ ಬಗೆಯಲ್ಲಿ ಸಾಮಾನ್ಯವಾಗಿ 40ರಿಂದ 70ರಷ್ಟಿದ್ದರೆ, ಜರ್ಮನಿಯ ಬವೇರಿಯಾ ಮೂಲದ ಗೋಧಿ ಬಿಯರ್ ಆದ ಹೆಫೆವೈಜನ್‌ನಲ್ಲಿ 8ರಿಂದ 15ರಷ್ಟೇ ಇರುತ್ತದೆ.

ಮುಂದಿನ ಸಲ ದೊಡ್ಡ ಲೋಟದ ಬದಲು ಸಣ್ಣ ಲೋಟಗಳ ಸ್ಯಾಂಪ್ಲರ್ ಕೇಳಿ, ಮೊದಲು ಹೆಫೆವೈಜನ್ ಕುಡಿಯಿರಿ. ಅದರ ಬಾಳೆಹಣ್ಣು, ಲವಂಗದ ಪರಿಮಳ ಯಾರೋ ಬೆರೆಸಿದ್ದಲ್ಲ, ಹುದುಗುವಾಗ ಯೀಸ್ಟಿನಿಂದಲೇ ಹುಟ್ಟುವಂಥದ್ದು. ಬಿಯರ್ ಎಂದರೆ ಬಾಟಲಿಯ ಲಾಗರ್ ಮಾತ್ರ ಎಂದುಕೊಂಡಿದ್ದ ನನ್ನಲ್ಲಿ ಆಸಕ್ತಿ ಮೂಡಿಸಿದ್ದು ಇದೇ. ಬಳಿಕ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕಿ ತಯಾರಿಸುವ ಬೆಲ್ಜಿಯಂ ಶೈಲಿಯ ವಿಟ್‌ಬಿಯರ್, ಆಮೇಲೆ ಹುರಿದ ಧಾನ್ಯದಿಂದ ಕಪ್ಪು ಬಣ್ಣ ಪಡೆಯುವ ಸ್ಟೌಟ್ ನೋಡಿ. ಸಕ್ಕರೆಯಿಲ್ಲದ ಡಿಕಾಕ್ಷನ್ ನಿಮಗೆ ಇಷ್ಟವಿದ್ದರೆ ಸ್ಟೌಟ್ ಹಿಡಿಸಬಹುದು, ಆದರೆ ಇದು ನನ್ನ ಊಹೆಯಷ್ಟೇ. ಇಂಡಿಯಾ ಪೇಲ್ ಏಲ್ ಕೊನೆಗಿರಲಿ, ಏಕೆಂದರೆ ಅದರ ಕಹಿ ನಾಲಿಗೆಯ ಮೇಲೆ ಉಳಿದು ಮುಂದಿನ ಲೋಟದ ರುಚಿಯನ್ನು ಮುಚ್ಚಿಬಿಡುತ್ತದೆ. ಗೋಧಿ ಬಿಯರಿನಲ್ಲೂ ನಿಮಗೆ ಕಹಿಯೇ ಮುಂದಾಗಿ ಕಂಡರೆ, ಸೇಬಿನ ರಸ ಹುದುಗಿಸಿ ಮಾಡುವ ಸೈಡರ್ ಇದೆಯೇ ಎಂದು ವಿಚಾರಿಸಿ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಂಬ ಹೂವು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.