ಎಂಬಿಆರ್ ಡಿಸ್ಕ್ ಜಿಪಿಟಿ ಆಗಬೇಕೆ? ಡಿ ಡ್ರೈವ್‌ನಲ್ಲಿಟ್ಟದ್ದು ಬ್ಯಾಕಪ್ ಅಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆಮೇಲಂತೂ ಒಂದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಡಿಸ್ಕನ್ನು ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸುವುದು ಹೇಗೆ ಅಂತ. ಡಿಸ್ಕ್‌ನ ಹೋಳುಗಳ (ಪಾರ್ಟಿಷನ್) ಪಟ್ಟಿ ಇಡುವ ಹಳೆಯ ಪದ್ಧತಿ ಎಂಬಿಆರ್, ಹೊಸದು ಜಿಪಿಟಿ. ವಿಂಡೋಸ್ 11ಕ್ಕೆ ಬೇಕಾದ ಯುಇಎಫ್‌ಐ (ಕಂಪ್ಯೂಟರನ್ನು ಶುರು ಮಾಡುವ ಬಯೋಸ್‌ನ ಹೊಸ ರೂಪ) ಜಿಪಿಟಿ ಡಿಸ್ಕ್‌ನಿಂದಲೇ ವಿಂಡೋಸನ್ನು ಎಬ್ಬಿಸುತ್ತದೆ.

ಪ್ರಶ್ನೆ: ವಿಂಡೋಸ್ 11 ಹಾಕಬೇಕು. ಈ ಬದಲಾವಣೆ ಮಾಡುವ ವಿಂಡೋಸ್‌ನದೇ ಟೂಲ್ ಎಂಬಿಆರ್2ಜಿಪಿಟಿ ಓಡಿಸಿದರೆ ‘ಡಿಸ್ಕ್ ಲೇಔಟ್ ವ್ಯಾಲಿಡೇಷನ್ ಫೇಲ್ಡ್’ ಎನ್ನುತ್ತದೆ. ಸಿ, ಡಿ, ಇ, ಎಫ್ ನಾಲ್ಕು ಡ್ರೈವ್ ಇವೆ. ಡೇಟಾ ಹೋಗಬಾರದು.

ಟೂಲ್‌ನಲ್ಲಿ ದೋಷವಿಲ್ಲ, ಡಿಸ್ಕನ್ನು ಹೋಳು ಮಾಡಿರುವ ರೀತಿಯಲ್ಲಿದೆ. ಈ ಟೂಲ್ ಒಪ್ಪುವುದು ಹೆಚ್ಚೆಂದರೆ ಮೂರು ಪ್ರೈಮರಿ ಪಾರ್ಟಿಷನ್. ಎಕ್ಸ್‌ಟೆಂಡೆಡ್ (ಒಳಗೆ ಬೇರೆ ಹೋಳು ಇಡುವ ಪಾರ್ಟಿಷನ್), ಲಾಜಿಕಲ್ (ಅದರೊಳಗಿನ ಹೋಳು) ಒಂದೂ ಇರಕೂಡದು. ನಿಮ್ಮಲ್ಲಿ ಸಿಸ್ಟಮ್ ರಿಸರ್ವ್ಡ್ (ವಿಂಡೋಸ್ ತಾನೇ ಮಾಡಿಕೊಂಡ ಅಡಗಿದ ಪಾರ್ಟಿಷನ್), ಸಿ, ಡಿ ಸೇರಿ ಆಗಲೇ ಮೂರಾಗಿವೆ. ಅಂಗಡಿಯವರು ಆಮೇಲೆ ಇ, ಎಫ್ ಮಾಡುವಾಗ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಅವನ್ನು ತಾನಾಗಿಯೇ ಎಕ್ಸ್‌ಟೆಂಡೆಡ್ ಒಳಗೆ ತುರುಕಿರುತ್ತದೆ. ಅಲ್ಲಿ ಹಸಿರು ಚೌಕಟ್ಟು ಕಂಡರೆ ಅದೇ.

ಇ, ಎಫ್‌ನಲ್ಲಿರುವುದನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಬೇರೆ ಡಿಸ್ಕ್ ಎಂದರೆ ಡಿ ಡ್ರೈವ್ ಅಲ್ಲ (ಅದೂ ಇದೇ ಡಿಸ್ಕ್‌ನ ಹೋಳು), ಕೈಯಲ್ಲಿ ಹಿಡಿಯಬಹುದಾದ ಬೇರೆ ಡಬ್ಬಿ. ಸಿ, ಡಿಯಲ್ಲಿರುವ ಮುಖ್ಯ ಫೈಲ್‌ಗಳೂ ಅಲ್ಲಿಗೇ ಹೋಗಲಿ. ನಾಲ್ಕಾರು ಫೈಲ್ ತೆರೆದು ನೋಡಿದ ಮೇಲೆ ಇ, ಎಫ್ ಡಿಲೀಟ್ ಮಾಡಿ. ಬಹಳ ಜನ ಇಲ್ಲೇ ನಿಲ್ಲಿಸಿಬಿಡುತ್ತಾರೆ. ಹಸಿರು ಚೌಕಟ್ಟಿನ ‘ಫ್ರೀ ಸ್ಪೇಸ್’ ಇನ್ನೂ ಉಳಿದಿರುತ್ತದೆ. ಅದನ್ನೂ ಇನ್ನೊಮ್ಮೆ ಡಿಲೀಟ್ ಮಾಡಿ, ಕಪ್ಪು ಪಟ್ಟಿಯ ‘ಅನ್‌ಅಲೊಕೇಟೆಡ್’ ಆಗಬೇಕು.

ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ಸಸ್ಪೆಂಡ್ ಮಾಡಿ. ಬಯೋಸ್ ಒಳಗೆ ಹೋಗಿ ಯುಇಎಫ್‌ಐ ಆಯ್ಕೆ ನಿಜವಾಗಿಯೂ ಇದೆಯೇ ಎಂದು ಮೊದಲೇ ಕಣ್ಣಾರೆ ನೋಡಿ, ಇಲ್ಲದಿದ್ದರೆ ಮುಂದುವರಿಯಬೇಡಿ: ಈ ಟೂಲ್‌ಗೆ ಹಿಂದಕ್ಕೆ ಬರುವ ದಾರಿ ಇಲ್ಲ. ನಂತರ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲೇ, ‘ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಡಿಸ್ಕ್:0 /ಅಲೋಫುಲ್‌ಓಎಸ್’ (mbr2gpt /validate /disk:0 /allowFullOS) ಎಂದು ಕೊಡಿ. 0 ಅನ್ನುವುದು ನಿಮ್ಮ ಡಿಸ್ಕ್‌ನ ಸಂಖ್ಯೆ, ಊಹಿಸಬೇಡಿ. ಪಾಸಾದರೆ ‘ವ್ಯಾಲಿಡೇಟ್’ ಇದ್ದಲ್ಲಿ ‘ಕನ್ವರ್ಟ್’ ಹಾಕಿ. ಟೂಲ್ ಸಾಮಾನ್ಯವಾಗಿ ಸಿ ಡ್ರೈವ್‌ನಿಂದಲೇ ಒಂದಿಷ್ಟು ಜಾಗ ಕಿತ್ತು, 100 ಎಂಬಿಯ ಇಎಫ್‌ಐ ಪಾರ್ಟಿಷನ್ (ಯುಇಎಫ್‌ಐ ಬೂಟ್ ಆಗಲು ಬೇಕಾದದ್ದು) ಮಾಡಿಕೊಳ್ಳುತ್ತದೆ. ಸಿ ತುಂಬಿ ತುಳುಕುತ್ತಿದ್ದರೆ ಇಲ್ಲೇ ಕೈಕೊಡುತ್ತದೆ. ಕೊನೆಯಲ್ಲಿ ‘ರಿಏಜೆಂಟ್’ (ವಿಂಡೋಸ್ ರಿಕವರಿಯ ಸೆಟ್ಟಿಂಗ್) ಫೈಲ್ ಅಪ್‌ಡೇಟ್ ಆಗಲಿಲ್ಲ ಎಂದರೆ ಗಾಬರಿ ಬೇಡ. ‘ರಿಏಜೆಂಟ್‌ಸಿ /ಡಿಸೇಬಲ್’ (reagentc /disable), ಆಮೇಲೆ ‘/ಎನೇಬಲ್’ ಸಾಕು.

ರೀಸ್ಟಾರ್ಟ್ ಆಗುತ್ತಿದ್ದಂತೆ ಬಯೋಸ್‌ಗೆ ಹೋಗಿ ಸಿಎಸ್ಎಂ (ಹಳೆಯ ಬಯೋಸ್‌ನಂತೆ ನಡೆಯುವ ಮೋಡ್) ಆಫ್ ಮಾಡಿ, ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೊದಲಿಗೆ ತನ್ನಿ. ಇದನ್ನು ಮರೆತವರೇ ‘ಬೂಟ್ ಡಿವೈಸ್ ಇಲ್ಲ’ ಎಂಬ ಕಪ್ಪು ಪರದೆ ನೋಡಿ, ಡೇಟಾ ಹೋಯಿತೆಂದು ಅಂಗಡಿಗೆ ಓಡಿ ಫಾರ್ಮ್ಯಾಟ್ ಮಾಡಿಸಿಕೊಂಡು ಬರುವುದು. ಡೇಟಾ ಅಲ್ಲೇ ಇತ್ತು! ತೀರಾ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಿಎಸ್ಎಂ ಆಫ್ ಆದ ಮೇಲೆ ಪರದೆಯೇ ಬಾರದಿರಬಹುದು, ಅದೂ ನೆನಪಿರಲಿ. ವಿಂಡೋಸ್ ಎದ್ದ ಮೇಲೆ ಬಿಟ್‌ಲಾಕರ್ ಮತ್ತೆ ಆನ್ ಮಾಡಿ, ಖಾಲಿ ಜಾಗದಲ್ಲಿ ಇ, ಎಫ್ ಹೊಸದಾಗಿ ಮಾಡಿಕೊಳ್ಳಿ.

ಪ್ರಶ್ನೆ: ಜಿಪಿಟಿ ಮಾಡಿದರೆ ಕಂಪ್ಯೂಟರ್ ಫಾಸ್ಟ್ ಆಗುತ್ತದೆಯೇ?

ಇಲ್ಲ.

ಪ್ರಶ್ನೆ: 4 ಟಿಬಿ ಡೇಟಾ ಡಿಸ್ಕ್‌ನಲ್ಲಿ 1678 ಜಿಬಿ ಬಳಸಲಾಗುತ್ತಿಲ್ಲ.

ಎಂಬಿಆರ್ ಲೆಕ್ಕ 2048 ಜಿಬಿಗೇ ಮುಗಿಯುತ್ತದೆ. ವಿಂಡೋಸ್ ಇಲ್ಲದ ಡಿಸ್ಕ್‌ಗೆ ಎಂಬಿಆರ್2ಜಿಪಿಟಿ ನಡೆಯದು. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ನೇರ ಓಡುವ ಲಿನಕ್ಸ್) ಎಂಬಿಆರ್ ಪಟ್ಟಿಯನ್ನು ಜಿಪಿಟಿ ಮಾಡುವ ಟೂಲ್ ಜಿಡಿಸ್ಕ್ ತೆರೆಯಿರಿ. ‘ಡಬ್ಲ್ಯು’ ಒತ್ತುವವರೆಗೂ ಅದು ಡಿಸ್ಕ್‌ಗೆ ಏನನ್ನೂ ಬರೆಯುವುದಿಲ್ಲ. ಬ್ಯಾಕಪ್ ಇಲ್ಲದೆ ಆ ‘ಡಬ್ಲ್ಯು’ ಒತ್ತಬೇಡಿ.

ಪ್ರಶ್ನೆ: ಯೂಟ್ಯೂಬ್ ನೋಡಿ ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್’ ಕೊಟ್ಟೆ. ಎಲ್ಲ ಮಾಯ.

ಡಿಸ್ಕ್‌ಪಾರ್ಟ್ ಎಂಬ ವಿಂಡೋಸ್ ಡಿಸ್ಕ್ ಟೂಲ್‌ನ ‘ಕನ್ವರ್ಟ್ ಜಿಪಿಟಿ’ಗೆ ಖಾಲಿ ಡಿಸ್ಕೇ ಬೇಕು, ಅದಕ್ಕೇ ಆ ಮಹಾನುಭಾವರು ‘ಕ್ಲೀನ್’ ಹೇಳಿಕೊಡುವುದು. ‘ಡೇಟಾ ಹೋಗಲ್ಲ’ ಎಂದು ಮೇಲೆ ಶೀರ್ಷಿಕೆ ಬೇರೆ! ಅಳಿದಿರುವುದು ಪಾರ್ಟಿಷನ್ ಪಟ್ಟಿ. ‘ಕ್ಲೀನ್ ಆಲ್’ ಕೊಟ್ಟಿದ್ದರೆ ಮಾತ್ರ ಪೂರ್ತಿ ಸೊನ್ನೆ. ‘ಇನಿಷಿಯಲೈಸ್ ಮಾಡಲೇ’ ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ, ಫಾರ್ಮ್ಯಾಟ್ ಮಾಡಬೇಡಿ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ, ಅಳಿದ ಪಾರ್ಟಿಷನ್ ಹುಡುಕುವ ಟೂಲ್ ಟೆಸ್ಟ್‌ಡಿಸ್ಕ್ ಓಡಿಸಿ.